ಗುಂಡಿ ಚಲುವಯ್ಯ

ನಂಜನಗೂಡಿನ ಸುತ್ತ ಹತ್ತು ವರ್ಷ ಎಲ್ಲಿ ಮದುವೆ ನಡೆದರೂ, ನಾಟಕ ನಡೆದರೂ, ಭಾಷಣ ನಡೆದರೂ ಜನರೇಟರ್ ಪಕ್ಕದಲ್ಲಿ ಒಬ್ಬ ಸಣಕಲು ಮನುಷ್ಯ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ. ಖಾಕಿ ಚಡ್ಡಿ, ತೋಳಿಲ್ಲದ ಬನಿಯನ್, ಹೆಗಲ ಮೇಲೆ ಆಯಿಲ್ ಒರೆಸಿ ಒರೆಸಿ ಕಪ್ಪಾದ ಟವೆಲ್ಲು. ಅವನೇ ಚಲುವಯ್ಯ. ಊರು ಬದನವಾಳು. ಜನ ಅವನನ್ನು ಗುಂಡಿ ಚಲುವಯ್ಯ ಅನ್ನುತ್ತಿದ್ದರು. ಆ ಹೆಸರು ಮೊದಲು ಇಟ್ಟವನು ನಾನೇ.

ನನ್ನ ಹೆಸರು ಕಲ್ಲಯ್ಯ. ಶಿವಮಲ್ಲಪ್ಪನವರ ಶಾಮಿಯಾನ ಅಂಗಡಿಯಲ್ಲಿ ಕಂಬ ನಿಲ್ಲಿಸುವುದು, ಬಟ್ಟೆ ಕಟ್ಟುವುದು, ಟ್ಯೂಬ್‌ಲೈಟು ಎಳೆಯುವುದು ನನ್ನ ಕೆಲಸ. ತೊಂಬತ್ತೆರಡರಲ್ಲಿ ಯಜಮಾನರು ಒಂದು ಜನರೇಟರ್ ತಂದರು. ಎರಡು ಚಕ್ರದ ಗಾಡಿಯ ಮೇಲೆ ಕೂರಿಸಿದ ಡೀಸೆಲ್ ಇಂಜಿನ್, ಅದರ ಹಿಂದೆ ಡೈನಮೋ. ಟೆಂಪೋಗೆ ಕಟ್ಟಿ ಎಳೆದುಕೊಂಡು ಹೋಗುವಂಥದ್ದು. ಆಗ ನಮ್ಮ ಕಡೆ ಕರೆಂಟು ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಜನರೇಟರ್ ಇದ್ದವನ ಶಾಮಿಯಾನಕ್ಕೆ ಮೊದಲ ಬೇಡಿಕೆ. ಅದನ್ನು ಓಡಿಸಲು ಒಬ್ಬ ಆಳು ಬೇಕಿತ್ತು. ಚಲುವಯ್ಯ ಬಂದ.

"ಏನ್ ಬತ್ತದೆ ನಿಂಗೆ?" ಅಂತ ಯಜಮಾನರು ಕೇಳಿದರು.

"ಇಂಜಿನ್ ಓಡಿಸ್ತೀನಿ."

"ಎಲ್ಲಿ ಓಡಿಸ್ತಿದ್ದೆ?"

"ನರಸೀಪುರದಲ್ಲಿ ಒಬ್ರತ್ರ."

"ಅಲ್ಲಿ ಯಾಕ್ ಬುಟ್ಟೆ?"

"ಒಂದ್ ಮಾತದೆ ಯಜಮಾನ್ರೇ. ಅರ್ಥಿಂಗ್ ಮಾಡ್ದೆ ನಾನು ಇಂಜಿನ್ ಸ್ಟಾರ್ಟ್ ಮಾಡಾಕಿಲ್ಲ. ಯಾರ್ ಏಳುದ್ರೂ ಮಾಡಾಕಿಲ್ಲ. ಒಪ್ಪುದ್ರೆ ಬತ್ತೀನಿ" ಅಂದ.

ಯಜಮಾನರು ನಕ್ಕುಬಿಟ್ಟರು. "ಸಂಬ್ಳ ಜಾಸ್ತಿ ಕೇಳ್ತಾನೆ ಅನ್ಕಂಡಿದ್ದೆ ಕಣೋ. ಗುಂಡಿ ತಾನೆ? ತೋಡ್ಕೊ ಓಗು."

ಕೆಲಸಕ್ಕೆ ಬಂದ ಮೊದಲ ದಿನದಿಂದಲೇ ನನಗೂ ಅವನಿಗೂ ಜಗಳ. ನಾನು ಕೋಪಿಷ್ಠ. ಕೆಲಸ ಬೇಗ ಮುಗಿಯಬೇಕು ಅನ್ನುವವನು. ಅವನು ನೋಡಿದರೆ ಗಾಡಿ ನಿಲ್ಲಿಸಿದ ಮೇಲೆ ಒಂದು ಗಂಟೆ ಏನೂ ಓಡಿಸುತ್ತಿರಲಿಲ್ಲ. ಮೊದಲು ಚಕ್ರಕ್ಕೆ ಕಲ್ಲು ಕೊಡುವುದು. ಹೊಗೆಯ ಕೊಳವೆ ಜನರ ಕಡೆಗೂ ಅಡುಗೆಯ ಕಡೆಗೂ ತಿರುಗಿರಬಾರದು. ಆಮೇಲೆ ಅರ್ಥಿಂಗಿಗೆ, ಅಂದರೆ ಇಂಜಿನ್ ಮೈಗೆ ತಪ್ಪಿ ಬಂದ ಕರೆಂಟು ಭೂಮಿಗೆ ಇಳಿದುಹೋಗಲಿ ಅಂತ, ಹಾರೆ ತೆಗೆಯುತ್ತಿದ್ದ. ಹತ್ತು ಹೆಜ್ಜೆ ಅಂತರದಲ್ಲಿ ಮೊಳಕಾಲುದ್ದದ ಎರಡು ಗುಂಡಿ. ಒಂದೊಂದರೊಳಗೂ ಆಳುದ್ದದ ಕಬ್ಬಿಣದ ಪೈಪು ನಿಲ್ಲಿಸಿ ದೊಡ್ಡ ಸುತ್ತಿಗೆಯಲ್ಲಿ ಹೊಡೆದು ಇಳಿಸುವುದು. ಆ ಪೈಪನ್ನು ಅವನು ಕಡ್ಡಿ ಅನ್ನುತ್ತಿದ್ದ. ಅದರ ಸುತ್ತ ಇದ್ದಿಲು, ಇದ್ದಿಲ ಮೇಲೆ ಕಲ್ಲುಪ್ಪು, ಮತ್ತೆ ಇದ್ದಿಲು, ಮೇಲೆ ನಾಲ್ಕು ಬಿಂದಿಗೆ ನೀರು. ನೀರು ಹೊರುವವನು ನಾನು. ಒಂದು ಕಡ್ಡಿಯ ತಂತಿ ಜನರೇಟರಿನ ಮೈಗೆ, ಇನ್ನೊಂದರದು ನ್ಯೂಟ್ರಲ್‌ಗೆ.

ಅಷ್ಟಕ್ಕೂ ಮುಗಿಯುತ್ತಿರಲಿಲ್ಲ. ಇಂಜಿನ್ ಸ್ಟಾರ್ಟ್ ಮಾಡಿ, ಮೇನ್ ಸ್ವಿಚ್ ಹಾಕುವ ಮೊದಲು, ಇನ್ನೂರು ಕ್ಯಾಂಡಲಿನ ಒಂದು ಬಲ್ಬು ತೆಗೆಯುತ್ತಿದ್ದ. ಅದರ ಒಂದು ತಂತಿ ಫೇಸಿಗೆ, ಇನ್ನೊಂದು ಮೈಗೆ ಕಟ್ಟಿದ ಕಡ್ಡಿಗೆ. ಒಂದು ಗುಂಡಿಯಿಂದ ಇನ್ನೊಂದು ಗುಂಡಿಗೆ ಮಣ್ಣಿನೊಳಗೇ ಕರೆಂಟು ಓಡಬೇಕು. ಬಲ್ಬು ಬೆಳ್ಳಗೆ ಉರಿದರೆ ಸರಿ. ಕೆಂಪಗೆ ಉರಿದರೆ, "ಕಲ್ಲಾ, ಇನ್ನೆರಡ್ ಬಿಂದ್ಗೆ" ಅನ್ನುತ್ತಿದ್ದ. ಆಮೇಲೆ ಮನೆಯ ಮೀಟರ್ ಬೋರ್ಡಿನಿಂದ ಫ್ಯೂಸು ಕಿತ್ತು ತನ್ನ ಚಡ್ಡಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ನಮ್ಮ ಕರೆಂಟು ಆ ಮನೆಯ ಮೂಲಕ ಬೀದಿಯ ಲೈನಿಗೆ ಹೋಗಿ, ಎಲ್ಲೋ ಕಂಬ ಹತ್ತಿದ ಲೈನ್‌ಮನ್ನಿಗೆ ಹೊಡೆಯಬಾರದು ಅಂತ. ಕಾರ್ಯ ಮುಗಿಯುವವರೆಗೆ ಮನೆಯವರು ಯಾರು ಎಷ್ಟು ಕೇಳಿದರೂ ಫ್ಯೂಸು ಕೊಡುತ್ತಿರಲಿಲ್ಲ.

"ಯಾರ್ಗಪ್ಪಾ ಗುಂಡಿ?" ಅಂತ ಊರವರು ಕೇಳಿ ನಗುತ್ತಿದ್ದರು.

"ಕರೆಂಟ್ಗೆ" ಅನ್ನುತ್ತಿದ್ದ. ಅದಕ್ಕಿಂತ ಒಂದು ಮಾತೂ ಹೆಚ್ಚಿಲ್ಲ.

ಒಂದು ದಿನ ನನಗೆ ರೇಗಿಹೋಯಿತು. ತೊಂಬತ್ತಾರನೇ ಇಸವಿ ಇರಬೇಕು. ಹುಲ್ಲಹಳ್ಳಿ ರಸ್ತೆಯ ಒಂದು ಊರಿನಲ್ಲಿ ಬೀಗರೂಟ. ನೆಲ ಬಂಡೆ ಇದ್ದ ಹಾಗಿತ್ತು. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಬಾವಿಯಿಂದ ಹತ್ತನೇ ಬಿಂದಿಗೆ ಹೊತ್ತು ತಂದು ಅವನ ಮುಂದೆ ಕುಕ್ಕಿದೆ.

"ನಿಂಗೇನ್ ಉಚ್ಚಾ ಚಲುವಣ್ಣ? ಒಂದ್ ತಂತೀನ ಶಾಮಿಯಾನದ ಕಂಬಕ್ ಸುತ್ತುದ್ರೆ ಆಯ್ತು. ಕಂಬ ನೆಲ್ದಲ್ಲಿ ತಾನೆ ನಿಂತಿರಾದು? ಊರೋರೆಲ್ಲ ಅಂಗೇ ಮಾಡಾದು."

"ನಾನೂ ಅಂಗೇ ಮಾಡ್ದೆ" ಅಂದ.

"ಯಾವಾಗ?"

"ತೊಂಬತ್ತೊಂದ್ರಲ್ಲಿ."

ಹಾರೆ ಹಾಕುತ್ತಲೇ ಹೇಳಿದ. ಧ್ವನಿ ಏರಲಿಲ್ಲ, ಇಳಿಯಲಿಲ್ಲ. ನರಸೀಪುರದ ಆಚೆ ಒಂದು ಊರಿನಲ್ಲಿ ಮದುವೆ. ಇವನು ಇಂಜಿನ್ನಿಗೆ, ಇವನ ತಮ್ಮ ಮಾದು ಕುರ್ಚಿ ಹೊರುವುದಕ್ಕೆ ಹೋಗಿದ್ದರು. ಅವಸರದಲ್ಲಿ ಇವನು ಅರ್ಥಿಂಗ್ ತಂತಿಯನ್ನು ಹತ್ತಿರದ ಕಬ್ಬಿಣದ ಕಂಬಕ್ಕೆ ಸುತ್ತಿದ್ದ. ಆ ಕಂಬ ನಿಂತಿದ್ದದ್ದು ಒಂದು ಚಪ್ಪಡಿ ಕಲ್ಲಿನ ಮೇಲೆ. ಇಂಜಿನ್ ಅದುರಿ ಅದುರಿ ಡೈನಮೋ ಒಳಗೆ ಒಂದು ವೈರಿನ ಮೇಲ್ಸಿಪ್ಪೆ ಸವೆದು ಮೈಗೆ ತಾಗಿತು. ಮೈಗೆ ಬಂದ ಕರೆಂಟು ತಂತಿ ಹಿಡಿದು ಕಂಬಕ್ಕೆ ಬಂತು. ಕಂಬದಿಂದ ಭೂಮಿಗೆ ಇಳಿಯಲು ದಾರಿ ಇರಲಿಲ್ಲ. ಮಾದು ಊಟ ಮಾಡಿ ಕೈ ತೊಳೆದು ಬಂದ. ಚಪ್ಪಲಿ ಮೆಟ್ಟಲು ಒಂದು ಕಾಲೆತ್ತಿ, ಒದ್ದೆ ಕೈಯಲ್ಲಿ ಕಂಬ ಹಿಡಿದುಕೊಂಡ.

"ಬುಡ್ಲೇ ಇಲ್ಲ ಕಣ್ಲಾ. ಕಂಬಾನ ಬುಡ್ಲೇ ಇಲ್ಲ. ನಾನು ಇಂಜಿನ್ ಆಪ್ ಮಾಡೋಗಂಟ ಇಡ್ಕಂಡೇ ಇದ್ದ."

ಪಾತ್ರೆ ತಂದಿದ್ದ ಟೆಂಪೋದಲ್ಲೇ ಹೆಣ ತಂದರಂತೆ. ಮನೆಯಲ್ಲಿ ತಾಯಿ ಕೇಳಿದ್ದು ಒಂದೇ ಮಾತು. ಊಟ ಮಾಡಿದ್ದನಾ ಅಂತ.

"ಏನಂದೆ?"

"ಊಂ ಅಂದೆ."

ತಂತಿ ಕಟ್ಟಿದವನು ಇವನು ಅಂತ ತಾಯಿಗೆ ಹೇಳಿರಲಿಲ್ಲ. ಹೆಂಡತಿ ಪುಟ್ಟಮಾದಮ್ಮನಿಗೆ ಗೊತ್ತು, ಆಗಿನ ಮಾಲೀಕನಿಗೆ ಗೊತ್ತು, ಈಗ ನನಗೆ ಗೊತ್ತಾಯಿತು. ಮಿಕ್ಕವರೆಲ್ಲ ಅವನ ಆಯಸ್ಸು ಅಷ್ಟೇ ಇತ್ತು ಅಂದುಕೊಂಡರು.

"ಅಳ್ನಿಲ್ಲ ನಾನು. ಅವತ್ತೂ ಅಳ್ನಿಲ್ಲ, ತಿಥಿ ದಿವ್ಸಾನೂ ಅಳ್ನಿಲ್ಲ. ಈಗ್ಲೂ ಬರಾಕಿಲ್ಲ" ಅಂದ. ಆಮೇಲೆ, "ಇನ್ನೆರಡ್ ಬಿಂದ್ಗೆ ತತ್ತಾ" ಅಂದ. ನಾನು ಹೋಗಿ ತಂದೆ.

ಅವತ್ತಿನಿಂದ ನೀರಿಗೆ ನಾನು ಜಗಳ ಮಾಡಲಿಲ್ಲ. ಗುಂಡಿ ಚಲುವಯ್ಯ ಅನ್ನುವುದನ್ನು ಮಾತ್ರ ಬಿಡಲಿಲ್ಲ. ಅಷ್ಟು ಹೊತ್ತಿಗೆ ಎಲ್ಲರ ಬಾಯಲ್ಲೂ ಅದೇ ಇತ್ತು. ಅಂಗಡಿಯಲ್ಲಿ ಯಜಮಾನರೂ ಹಾಗೇ ಕೂಗುತ್ತಿದ್ದರು. ಅವನು ಓಗೊಡುತ್ತಿದ್ದ.

ಬೇರೆ ಯಾವ ವಿಷಯಕ್ಕೂ ಅವನು ತಕರಾರು ಮಾಡಿದ್ದು ನಾನು ನೋಡಿಲ್ಲ. ಊಟ ತಡವಾದರೂ ಕೇಳುತ್ತಿರಲಿಲ್ಲ. ಕೆಲವು ಮನೆಗಳಲ್ಲಿ ಅವನಿಗೆ ಎಲೆ ತಂದು ಜನರೇಟರ್ ಹತ್ತಿರವೇ ಇಡುತ್ತಿದ್ದರು. ಅಲ್ಲೇ ಉಣ್ಣುತ್ತಿದ್ದ. ಇಂಜಿನ್ ಓಡುವಾಗ ಅದರ ಮೇಲೆ ಅಂಗೈ ಇಟ್ಟುಕೊಂಡು ಕೂರುತ್ತಿದ್ದ, ದನದ ಮೈ ಮೇಲೆ ಇಟ್ಟ ಹಾಗೆ. ಬೇರೆ ಕೆಲಸಕ್ಕೆ ಹೋಗು, ಸಂಬಳ ಹೆಚ್ಚು ಸಿಗುತ್ತೆ ಅಂತ ಸಕ್ಕರೆ ಕಾರ್ಖಾನೆಯವರೊಬ್ಬರು ಕರೆದಿದ್ದರು. ಹೋಗಲಿಲ್ಲ. "ನಾನ್ ಓದ್ರೆ ಈ ಇಂಜಿನ್ನ ಇನ್ಯಾರೋ ಓಡಿಸ್ತಾರೆ" ಅಂದ. ಆ ಇಂಜಿನ್ ಬಿಟ್ಟರೆ ಅವನಿಗೆ ಬೇರೆ ಯಾವುದೂ ಬೇಕಿರಲಿಲ್ಲ. ಅದು ತನ್ನ ಕೈಯಲ್ಲೇ ಇರಬೇಕು, ಅಷ್ಟೇ.

ಎರಡು ಸಾವಿರದ ಎರಡರ ಬೇಸಿಗೆಯಲ್ಲಿ ಕಳಲೆಯ ಮದುವೆ ಬಂತು. ಶಿವಮಲ್ಲಪ್ಪನವರ ಸೋದರತ್ತೆ ಮಲ್ಲಾಜಮ್ಮನವರ ಮನೆ. ಅವರ ಮೊಮ್ಮಗಳು ರಮ್ಯಳ ಮದುವೆ, ಮನೆ ಮುಂದೆಯೇ ಶಾಮಿಯಾನ. ಮುಹೂರ್ತ ಹತ್ತೂವರೆಗೆ. ಆ ತಿಂಗಳು ಅಲ್ಲಿ ಬೆಳಗ್ಗೆ ಆರಕ್ಕೆ ಹೋದ ಕರೆಂಟು ಮಧ್ಯಾಹ್ನ ಎರಡಕ್ಕೆ ಬರುತ್ತಿತ್ತು. ಮೈಕು, ಫ್ಯಾನು, ವಿಡಿಯೋದವನ ಲೈಟು, ಅಡುಗೆಯ ನೀರಿನ ಮೋಟರು, ಎಲ್ಲ ನಮ್ಮ ಜನರೇಟರ್ ಮೇಲೇ.

ಶಾಮಿಯಾನವನ್ನು ಹಿಂದಿನ ದಿನವೇ ಕಟ್ಟಿದ್ದೆವು. ಬೆಳಗ್ಗೆ ಏಳಕ್ಕೆ ನಾನು ಹಿತ್ತಲಿಗೆ ಹೋಗಿ ಅಡುಗೆ ಒಲೆಗಳ ಮೇಲೆ ಬಿಸಿಲಿಗೆ ಬಟ್ಟೆ ಕಟ್ಟಿಕೊಟ್ಟೆ. ಅಡುಗೆಯವರು ಕಾಫಿ ಕೊಟ್ಟರು. ಅಲ್ಲೇ ಬಚ್ಚಲ ಗೋಡೆಗೆ ಒರಗಿ ಕುಡಿದು ಬಂದೆ. ಮುಂದುಗಡೆ ಚಲುವಯ್ಯ ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಉಪ್ಪಿನ ಚೀಲ ಇಳಿಸಿ, ಹಾರೆ ಹಾಕಲು ಶುರು ಮಾಡಿದ್ದ.

ಜಗಲಿಯ ಮೇಲೆ ಕೂತಿದ್ದ ಮಲ್ಲಾಜಮ್ಮ ಕೂಗಿದರು. "ಏನ್ಲಾ ಅದು ಚೀಲ?"

"ಉಪ್ಪು ಕಣವ್ವ."

"ಉಪ್ಪು ಯಾಕ್ಲಾ?"

"ಗುಂಡಿಗೆ ಆಕಾಕೆ. ಕರೆಂಟು ಭೂಮಿಗ್ ಇಳೀಬೇಕಲ್ಲ, ಅದ್ಕೆ."

ಆ ಮುದುಕಿ ಕೋಲು ಊರಿಕೊಂಡು ಎದ್ದು ಬಂದರು. ಗುಂಡಿ ನೋಡಿದರು, ಉಪ್ಪು ನೋಡಿದರು. ಅವರ ಜನದಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತಾರೆ. ಗುಂಡಿಗೆ ಉಪ್ಪು, ವಿಭೂತಿ ತುಂಬುತ್ತಾರೆ. ನನಗೆ ಅದು ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ತಲೆಗೆ ಬಂದಿರಲಿಲ್ಲ. ಚಲುವಯ್ಯನಿಗೂ ಬಂದಿರಲಿಲ್ಲ. ಹತ್ತು ವರ್ಷದಲ್ಲಿ ಅವರ ಜನದ ಎಷ್ಟೋ ಮದುವೆ ಮಾಡಿದ್ದೆವು. ಎಲ್ಲ ಛತ್ರಗಳಲ್ಲಿ, ಇಲ್ಲ ಮೈದಾನದಲ್ಲಿ. ಮನೆಬಾಗಿಲ ಎದುರಿಗೆ ಗುಂಡಿ ತೆಗೆದಿದ್ದು ಇದೇ ಮೊದಲು.

"ನಮ್ಮನೆಯೋರ್ಗೆ ಉಪ್ಪು ಇಬೂತಿ ಆಕಿ ಇನ್ನೂ ಎರಡ್ ವರ್ಸ ತುಂಬಿಲ್ಲ. ಮದ್ವೆ ಮನೆ ಬಾಗ್ಲಲ್ಲಿ ಗುಂಡಿ ತಗ್ದು ಉಪ್ಪು ಸುರೀತೀಯೇನ್ಲಾ? ಯಾರ್ನ ಕೂರಿಸ್ಬೇಕು ಅಂತಿದ್ದೀಯೆ? ನನ್ನಾ? ನಾನಿನ್ನೂ ಬದ್ಕಿವ್ನಿ ಕಣ್ಲಾ!"

ಸುತ್ತ ಇದ್ದವರು ನಕ್ಕರು. ಮುದುಕಿ ನಗಲಿಲ್ಲ.

ಚಲುವಯ್ಯ ಕೈ ಮುಗಿದ. "ತಪ್ಪಾಯ್ತವ್ವ. ಉಪ್ಪು ಬ್ಯಾಡ, ಇದ್ದಿಲೂ ಬ್ಯಾಡ. ಬರೀ ಕಡ್ಡಿ ಒಡ್ಕತೀನಿ."

"ಬಾಗ್ಲು ಮುಂದ್ಗಡೆ ಆರೆ ಆಕ್ಬ್ಯಾಡ. ಮುಚ್ಚು ಅದ್ನ ಮೊದ್ಲು."

ಮುಚ್ಚಿದ. ಕಾಲಲ್ಲಿ ತುಳಿದು ಮಟ್ಟ ಮಾಡಿದ. ಮನೆಯ ಎರಡು ಮಗ್ಗುಲಲ್ಲೂ ನಡೆದು ನೋಡಿದ. ಒಂದು ಕಡೆ ಪಕ್ಕದ ಮನೆಯ ಗೋಡೆ, ಇನ್ನೊಂದು ಕಡೆ ಬೀದಿ, ಪೂರಾ ಚಪ್ಪಡಿ ಹಾಸು. ವಾಪಸು ಬಂದು ಮಲ್ಲಾಜಮ್ಮನವರ ಎರಡನೇ ಮಗನನ್ನು ಕೇಳಿದ. "ಸಾ, ಇತ್ತಲಲ್ಲಿ ಬಚ್ಚಲ್ ನೀರು ಓಗೋ ಜಾಗ ಅದಲ್ಲ, ಅಲ್ಲಿ ಇಳಿಸ್ತೀನಿ. ಅಲ್ಲಿ ಯಾವಾಗ್ಲೂ ಅಸಿ ಇರ್ತದೆ. ಗುಂಡೀನೇ ಬ್ಯಾಡ. ಎರಡೇಟು ಒಡುದ್ರೆ ಮುಗೀತು."

ಆ ಮನುಷ್ಯ ಕೆಟ್ಟವನಲ್ಲ. ಮೆತ್ತಗೇ ಹೇಳಿದ. "ಇತ್ತಲಲ್ಲಿ ಅಡ್ಗೆ ನಡೀತಾ ಅದೆ ಕಣಪ್ಪ. ಬೀಗರ ಕಡೆಯೋರೆಲ್ಲ ಬಂದವ್ರೆ. ನೀನು ಅಲ್ಲೀಗಂಟ ಬರಂಗಿಲ್ಲ. ನಿಂಗೇ ತಿಳ್ಕಳಾಕಾಗಲ್ವಾ?"

"ಆಯ್ತು ಸಾ" ಅಂದ ಚಲುವಯ್ಯ.

ಕಡ್ಡಿ ಅವನ ಕೈಯಲ್ಲೇ ಇತ್ತು. ನನ್ನ ಮುಖ ನೋಡಿದ. ನಾನು ವಾಚು ನೋಡಿಕೊಂಡೆ. ಒಂಬತ್ತೂ ಹತ್ತು.

ಒಂಬತ್ತೂವರೆಗೆ ಶಿವಮಲ್ಲಪ್ಪನವರು ಬಂದರು. ರೇಷ್ಮೆ ಪಂಚೆ, ಬೆವರು. ಒಳಗೆ ನೀರಿಲ್ಲ, ಅಡುಗೆ ನಿಂತಿದೆ, ಮೈಕಿನವನು ಸುಮ್ಮನೆ ಕೂತಿದ್ದಾನೆ.

"ಏನ್ ಚಲುವಯ್ಯ ಇದು?"

ಅವನು ಹೇಳಿದ. ಅವರು ಕೇಳಿಸಿಕೊಂಡರು.

"ನಮ್ಮತ್ತೆ ಬ್ಯಾಡ ಅಂದ್ಮೇಲೆ ಮುಗೀತು. ಕಂಬಕ್ ಕಟ್ಟು."

"ಕಂಬಕ್ ಕಟ್ಟಾಕಿಲ್ಲ ಯಜಮಾನ್ರೇ."

"ಮರ್ಯಾದೆ ಓಯ್ತದೆ ಕಣೋ! ನನ್ ಸ್ವಂತ ಅತ್ತೆ ಮನೆ!"

"ಸೇರೋ ದಿವ್ಸ ಒಂದ್ ಮಾತ್ ಏಳಿದ್ದೆ."

"ಅವತ್ತು ನಕ್ಕೊಂಡು ಊಂ ಅಂದೆ. ಇವತ್ತು ನಗ್ತಾ ಇಲ್ಲ. ಹತ್ ಗಂಟೆಗೆ ಇಂಜಿನ್ ಓಡುದ್ರೆ ನೀನು ಕೆಲಸ್ದಲ್ಲಿರ್ತೀಯೆ. ಇಲ್ದಿದ್ರೆ ನಾಳಿಂದ ಆ ಗಾಡಿ ಮುಟ್ಬ್ಯಾಡ."

ಹೇಳಿ ಒಳಗೆ ಹೋದರು. ಚಲುವಯ್ಯ ಜನರೇಟರ್ ಪಕ್ಕ ಕುಕ್ಕರಗಾಲಲ್ಲಿ ಕೂತ. ಇಂಜಿನ್ ತಿರುಗಿಸುವ ಹ್ಯಾಂಡಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. ಬ್ಯಾಂಡ್‌ಸೆಟ್ಟಿನವರು ಒಬ್ಬೊಬ್ಬರೇ ಬಂದು ನೋಡಿ ಹೋದರು. ಯಾರೋ, "ಇಂಜಿನ್ ಕೆಟ್ಟೋಯ್ತಾ?" ಅಂದರು. ಇನ್ನೊಬ್ಬ, "ಇಂಜಿನ್ ಅಲ್ಲ, ಡ್ರೈವರ್ ಕೆಟ್ಟೋಗವ್ನೆ" ಅಂದ.

ಹತ್ತಾಯಿತು. ಎಲ್ಲರೂ ನನ್ನನ್ನು ಕೇಳುತ್ತಿದ್ದರು. ನನ್ನ ತಲೆ ಕೆಟ್ಟಿತು. ಹೋಗಿ ಹ್ಯಾಂಡಲಿಗೆ ಕೈ ಹಾಕಿದೆ. ಅವನು ಬಿಡಲಿಲ್ಲ. ಎಳೆದೆ. ಬಿಡಲಿಲ್ಲ. ಸಣಕಲು ಮನುಷ್ಯನಾದರೂ ಹಿಡಿತ ಗಟ್ಟಿ.

ಆಗ ನಾನು ಅಂದೆ. ಎಲ್ಲರಿಗೂ ಕೇಳುವ ಹಾಗೆ ಅಂದೆ. "ನೀನೇ ಕಂಬಕ್ ತಂತಿ ಕಟ್ಟಿ ತಮ್ಮನ್ನ ಸಾಯ್ಸ್ಕಂಡಿದ್ದಕ್ಕೆ ಊರೋರ್ ಮದ್ವೆ ನಿಂತೋಗ್ಬೇಕೇನ್ಲಾ ಬಡ್ಡೆತ್ತದ್ದೆ?"

ಅವನ ಬೆರಳು ಸಡಿಲವಾದವು. ಹ್ಯಾಂಡಲು ನನ್ನ ಕೈಗೆ ಬಂತು. ಅವನು ನನಗಿಂತ ನಾಲ್ಕು ವರ್ಷ ದೊಡ್ಡವನು. ಅದುವರೆಗೆ ಒಂದು ದಿನವೂ ಅವನಿಗೆ ಲೇ ಅಂದಿರಲಿಲ್ಲ.

ಅರ್ಥಿಂಗ್ ತಂತಿಯನ್ನು ಹತ್ತಿರದ ಕಂಬಕ್ಕೆ ನಾಲ್ಕು ಸುತ್ತು ಸುತ್ತಿದೆ. ಹ್ಯಾಂಡಲ್ ಹೊಡೆದೆ. ಇಂಜಿನ್ ಓಡಿತು. ಬಲ್ಬು ಹಚ್ಚಿ ನೋಡಲಿಲ್ಲ. ಮೇನ್ ಹಾಕಿದೆ. ಫ್ಯಾನು ತಿರುಗಿದವು, ಮೈಕು ಕಿರ್ ಅಂತು, ಒಳಗಿಂದ ಹೆಂಗಸರು ಹೋ ಅಂತ ಕೂಗಿದರು.

ಚಲುವಯ್ಯ ಮನೆಗೆ ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ಮೊದಲು ಮನೆಯ ಮೀಟರ್ ಬೋರ್ಡಿನಿಂದ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ. ಟೆಂಪೋದಿಂದ ನಾಲ್ಕು ಒಣ ಗೋಣಿಚೀಲ ತಂದ. ಆ ಕಂಬಕ್ಕೆ ಬುಡದಿಂದ ತಲೆಯೆತ್ತರದವರೆಗೆ, ಕಂಬಕ್ಕೆ ಕೈ ತಾಗದ ಹಾಗೆ ಸುತ್ತಿ ಸುತ್ತಿ ಹುರಿಯಲ್ಲಿ ಕಟ್ಟಿದ. ಒಂದು ಮರದ ಹಲಗೆ ತಂದು ಬುಡದಲ್ಲಿ ಹಾಕಿ ಅದರ ಮೇಲೆ ನಿಂತುಕೊಂಡ. ಕಂಬಕ್ಕೆ ಬೆನ್ನು, ಜನಕ್ಕೆ ಮುಖ. ಹತ್ತೂಕಾಲಿನಿಂದ ಎರಡರವರೆಗೆ ನಿಂತಿದ್ದ. ಹತ್ತಿರ ಬಂದವರಿಗೆಲ್ಲ, "ಮುಟ್ಬ್ಯಾಡಿ, ಆಚೆಯಿಂದ ಓಗಿ" ಅನ್ನುತ್ತಿದ್ದ.

"ಏನ್ ಚಲುವಯ್ಯ, ಆ ಕಂಬಕ್ಕೂ ನಿಂಗೂ ಮದ್ವೆನಾ ಇವತ್ತು?" ಅಂತ ಒಬ್ಬ ಕೇಳಿದ.

"ಧಾರೆ ಯಾರಪ್ಪಾ ಎರೀತಾರೆ?" ಅಂತ ಇನ್ನೊಬ್ಬ.

ನಾಲ್ಕು ವರ್ಷದ ಒಂದು ಹೆಣ್ಣುಮಗು ಕಂಬ ಸುತ್ತಲು ಓಡಿ ಬಂತು. ಇವನು ಅಡ್ಡ ಬಂದು ಎರಡೂ ತೋಳು ಹಿಡಿದು ಎತ್ತಿ ಆಚೆ ಇಟ್ಟ. ಅದರ ತಾಯಿ ಬಂದು, ಇವನನ್ನೊಮ್ಮೆ ನೋಡಿ, ಮಗುವಿನ ತೋಳನ್ನು ಸೆರಗಿನಲ್ಲಿ ಒರೆಸಿಕೊಂಡು ಕರೆದುಕೊಂಡು ಹೋದಳು. ಇವನು ಮತ್ತೆ ಹಲಗೆ ಹತ್ತಿ ನಿಂತ. ಊಟದ ಎಲೆ ಜನರೇಟರ್ ಹತ್ತಿರ ತಂದಿಟ್ಟಿದ್ದರು. ತಣ್ಣಗಾಯಿತು. ಕಾಗೆ ಬಂದವು.

ಅವತ್ತು ಏನೂ ಆಗಲಿಲ್ಲ. ಯಾರಿಗೂ ಸಣ್ಣ ಷಾಕು ಕೂಡ ಹೊಡೆಯಲಿಲ್ಲ. ಮದುವೆ ಚೆನ್ನಾಗಿ ಆಯಿತು.

ಎರಡು ಗಂಟೆಗೆ ಕರೆಂಟು ಬಂದ ಮೇಲೆ ಅವನೇ ಇಂಜಿನ್ ನಿಲ್ಲಿಸಿದ. ಗೋಣಿ ಬಿಚ್ಚಿದ, ತಂತಿ ಬಿಚ್ಚಿ ಸುರುಳಿ ಸುತ್ತಿದ. ಜೇಬಿನಿಂದ ಫ್ಯೂಸು ತೆಗೆದು ಮನೆಯವರಿಗೆ ಕೊಟ್ಟ. ಟೆಂಪೋ ಹತ್ತಲಿಲ್ಲ. ನಡೆದುಕೊಂಡು ಹೋದ. ಯಜಮಾನರು ಟೆಂಪೋದಲ್ಲಿ ಮುಂದೆ ಕೂತು, "ನೋಡುದ್ಯಾ ಕಲ್ಲ? ಏನಾಯ್ತು? ಏನೂ ಆಗ್ನಿಲ್ಲ. ಹತ್ ವರ್ಸ ಸುಮ್ನೆ ಉಪ್ಪು ದಂಡ" ಅಂದರು. ಹೌದು ಅಂದೆ.

ಮರುದಿನ ಅವನು ಬರಲಿಲ್ಲ. ಯಾರೂ ಕರೆಯಲಿಲ್ಲ. ಹದಿನೈದು ದಿನಕ್ಕೆ ಹೆಂಡತಿಯ ಊರು ಸೋಸಲೆಗೆ ಹೋದ ಅಂತ ಸುದ್ದಿ ಬಂತು. ಬದನವಾಳಿನಲ್ಲಿ ಅವನ ತಾಯಿ ಇನ್ನೂ ಇದ್ದರು. ನಾನು ಕಳಲೆಯಲ್ಲಿ ಆಡಿದ ಮಾತು ಅವರ ಕಿವಿಗೆ ಬಿದ್ದಿತ್ತಂತೆ. ತಾಯಿ ಮಗನ ನಡುವೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಗೊತ್ತಿದ್ದವರು ಹೇಳಲಿಲ್ಲ.

ಇಂಜಿನ್ ನನ್ನ ಕೈಗೆ ಬಂತು. ಒಂದೂವರೆ ವರ್ಷ ಓಡಿಸಿದೆ. ಮೆತ್ತನೆ ನೆಲ ಸಿಕ್ಕಿದರೆ ಕಡ್ಡಿ ಹೊಡೆಯುತ್ತಿದ್ದೆ. ಗಟ್ಟಿ ನೆಲ ಇದ್ದರೆ ಕಂಬಕ್ಕೆ ಸುತ್ತುತ್ತಿದ್ದೆ. ಎರಡು ಸಾವಿರದ ಮೂರರ ಕೊನೆಯಲ್ಲಿ ನರಸೀಪುರದಲ್ಲಿ ಒಂದು ಶಾಲೆಯ ವಾರ್ಷಿಕೋತ್ಸವ, ತಂತಿ ಕಂಬಕ್ಕೆ ಸುತ್ತಿದ್ದೆ. ಡೀಸೆಲ್ ಮುಚ್ಚಳ ಸರಿಮಾಡಲು ಬಲಗೈಯಲ್ಲಿ ಇಂಜಿನ್ ಮುಟ್ಟಿದೆ. ಹಿಡಿದುಕೊಂಡಿತು. ಕಾಲು ಜಾರಿ ಹಿಂದಕ್ಕೆ ಬಿದ್ದೆ, ಅದಕ್ಕೇ ಉಳಿದೆ. ಮೂರು ದಿನ ಆ ಕೈ ನನ್ನದಲ್ಲ ಅನ್ನುವ ಹಾಗಿತ್ತು. ಬೀಡಿ ಹಿಡಿದರೆ ಬಿದ್ದುಹೋಗುತ್ತಿತ್ತು.

ನಾಲ್ಕನೇ ದಿನ ಯಜಮಾನರ ಹತ್ತಿರ ಹೋಗಿ, ಚಲುವಣ್ಣನನ್ನು ವಾಪಸು ಕರೆಸಿ ಅಂದೆ.

"ಕರ್ಕಂಬಾ ಓಗು. ನಾನೇನ್ ಬ್ಯಾಡ ಅಂದ್ನಾ?" ಅಂದರು. "ಆದ್ರೆ ಮನೆಯೋರು ಬ್ಯಾಡ ಅಂದ ಕಡೆ ಬ್ಯಾಡ. ಅದ್ಕೆ ಒಪ್ಪುದ್ರೆ ಬರ್ಲಿ."

ನರಸೀಪುರದಲ್ಲಿ ಬಸ್ಸು ಬದಲಿಸಿ ಸೋಸಲೆಗೆ ಹೋದೆ. ಅವನು ಯಾರದೋ ಗದ್ದೆಯಲ್ಲಿ ಕಳೆ ಕಿತ್ತು ಆಗಷ್ಟೇ ಬಂದಿದ್ದ. ಮೊಳಕಾಲಿನವರೆಗೆ ಕೆಸರು. ನನ್ನನ್ನು ನೋಡಿ ಆಶ್ಚರ್ಯವನ್ನೂ ಪಡಲಿಲ್ಲ, ಸಿಟ್ಟನ್ನೂ ತೋರಿಸಲಿಲ್ಲ. "ಬಾ ಕಲ್ಲ, ಕೂತ್ಕೊ" ಅಂದ. ಪುಟ್ಟಮಾದಮ್ಮ ನೀರು ಕೊಟ್ಟಳು. ನನ್ನ ಕೈ ನೋಡಿ, "ಏನಾಯ್ತ್ಲಾ?" ಅಂದ. ಹೇಳಿದೆ. ಬೆರಳು ಒಂದೊಂದನ್ನೇ ಮಡಿಸಿ ಬಿಡಿಸಿ ನೋಡಿದ.

"ಬಾ ಚಲುವಣ್ಣ. ಯಜಮಾನ್ರು ಕರ್ಕಂಬಾ ಅಂದವ್ರೆ."

"ಏನಂದ್ರು?"

ಅಂದದ್ದನ್ನೇ ಹೇಳಿದೆ.

"ಬ್ಯಾಡ ಅಂದ ಕಡೆ?"

"ಬ್ಯಾಡ ಅಂದ ಕಡೆ ಬ್ಯಾಡ."

"ಅಂಗಾರೆ ನಾನ್ ಯಾಕ್ಲಾ? ಅದ್ಕೆ ನೀನೇ ಇದ್ದೀಯಲ್ಲ."

ನನಗೆ ಸಿಟ್ಟು ಬಂತು. ಅಷ್ಟು ದೂರ ಬಂದಿದ್ದೇನೆ, ಕೈ ಕೆಡಿಸಿಕೊಂಡು ಬಂದಿದ್ದೇನೆ. "ಈ ಕೆಸ್ರು ತುಳ್ಕಂಡ್ ಸಾಯ್ಬೇಕು ಅಂತಿದ್ರೆ ಸಾಯಿ! ಯಜಮಾನ್ರೇ ಕರ್ದವ್ರೆ, ಇವನ್ದೊಂದು ದೌಲತ್ತು! ನೂರ್ ಮನೇಲಿ ಒಂದ್ ಮನೆಯೋರು ಬ್ಯಾಡ ಅಂತಾರೆ. ಆ ಒಂದ್ ಮನೇಲಿ ಬಾಯ್ ಮುಚ್ಕಂಡ್ ಕಂಬಕ್ ಕಟ್ಟುದ್ರೆ ನಿನ್ ಗಂಟೇನ್ ಓಯ್ತದೆ?"

ಅವನು ಕಾಲಿನ ಕೆಸರು ಉಜ್ಜುತ್ತಿದ್ದ. ಒಲೆಯ ಹತ್ತಿರದಿಂದ ಪುಟ್ಟಮಾದಮ್ಮ ಮಾತಾಡಿದಳು. ಧ್ವನಿಯಲ್ಲಿ ಜಗಳ ಇರಲಿಲ್ಲ.

"ಕಲ್ಲಣ್ಣ, ಒಂದ್ ಕೇಳ್ಲಾ? ಅವತ್ತು ಕಳಲೇಲಿ ಆ ಮನೆ ಇತ್ತಲಿಗೆ ನೀನ್ ಓಗಿದ್ಯಂತಲ್ಲ."

"ಓಗಿದ್ದೆ. ಬಟ್ಟೆ ಕಟ್ಟಾಕೆ."

"ಕಾಫೀನೂ ಕುಡುದ್ಯಂತೆ."

"ಕುಡ್ದೆ."

"ಆ ಕಡ್ಡಿ ಇಸ್ಕಂಡು ಇನ್ನೊಂದ್ ಸಲ ಓಗಿದ್ರೆ ಆಗ್ತಿರ್ನಿಲ್ವಾ? ನಿನ್ನ ಯಾರೂ ಬ್ಯಾಡ ಅಂತಿರ್ನಿಲ್ಲ."

"ಸುಮ್ಕಿರು" ಅಂದ ಚಲುವಯ್ಯ. "ಮುದ್ದೆ ತಿರುವು. ದೂರದಿಂದ ಬಂದವ್ನೆ."

ಅವಳು ಮುದ್ದೆ ತಿರುವಿದಳು. ಒಂದೂವರೆ ವರ್ಷದಲ್ಲಿ ಆ ಮಾತು ನನ್ನ ತಲೆಗೆ ಬಂದೇ ಇರಲಿಲ್ಲ. ಬಂದಿರಲಿಲ್ಲ ಅಂದರೆ ನಂಬುವವರು ನಂಬಲಿ. ಎರಡೇಟು ಹೊಡೆಯುವ ಕೆಲಸ. ಅವನು ನನ್ನ ಮುಖ ನೋಡಿದ್ದು ಅದಕ್ಕೇ. ಬಾಯಿಬಿಟ್ಟು ಕೇಳಿರಲಿಲ್ಲ, ಅಷ್ಟೇ.

ಊಟ ಮಾಡಿದೆ. ಎಡಗೈಯಲ್ಲಿ ಉಂಡೆ. ಯಾರೂ ಏನೂ ಅನ್ನಲಿಲ್ಲ. ಬಸ್ಸಿನವರೆಗೆ ಅವನೂ ಬಂದ. ದಾರಿಯಲ್ಲಿ, "ಬೇಸ್ಗೇಲಿ ಎರಡ್ ಗಂಟೆಗೊಂದ್ ಸಲ ನೀರು ಉಯ್ಯಿ. ಮೇಲೆ ಅಸಿ ಕಾಣ್ತದೆ, ಕೆಳ್ಗೆ ಒಣ್ಗೋಗಿರ್ತದೆ. ತಂತೀನ ಸುಮ್ನೆ ಸುತ್ಬ್ಯಾಡ, ತುಕ್ಕು ಉಜ್ಜಿ, ಬೋಲ್ಟ್ ಆಕಿ ಬಿಗಿ ಮಾಡು" ಅಂದ. ಆಯ್ತು ಅಂದೆ. ಕಳಲೆಯಲ್ಲಿ ಆಡಿದ ಮಾತಿಗೆ ತಪ್ಪಾಯಿತು ಅನ್ನಬೇಕು ಅಂತ ಬಾಯಿ ತೆರೆದೆ. ಬಸ್ಸು ಬಂತು. ಬಸ್ಸು ಬರದಿದ್ದರೂ ಅನ್ನುತ್ತಿದ್ದೆನೋ ಇಲ್ಲವೋ ತಿಳಿಯದು.

"ಬರಲ್ವಂತೆ" ಅಂತ ಯಜಮಾನರಿಗೆ ಹೇಳಿದೆ. ಯಾಕಂತೆ ಅಂದರು. ಗೊತ್ತಿಲ್ಲ ಅಂದೆ.

ಅವನು ಮತ್ತೆ ಯಾವ ಇಂಜಿನ್ನನ್ನೂ ಮುಟ್ಟಲಿಲ್ಲ. ನಾನು ಇವತ್ತಿಗೂ ಅದೇ ಗಾಡಿಯ ಜೊತೆ ಊರೂರು ತಿರುಗುತ್ತೇನೆ. ಬೇಡ ಅನ್ನುವ ಮನೆಗಳಲ್ಲಿ ಕಡ್ಡಿ ಹಿಡಿದು ಹಿತ್ತಲಿಗೆ ಹೋಗುತ್ತೇನೆ. ಯಾರೂ ತಡೆಯುವುದಿಲ್ಲ. ಐದು ನಿಮಿಷದ ಕೆಲಸ.

ಎರಡು ಸಾವಿರದ ಎಂಟರಲ್ಲಿ ಚಲುವಯ್ಯ ಸೋಸಲೆಯಲ್ಲೇ ತೀರಿಕೊಂಡ. ಎದೆನೋವು ಅಂತ ಕೂತವನು ಏಳಲಿಲ್ಲವಂತೆ. ನನಗೆ ಸುದ್ದಿ ತಲುಪಿದ್ದು ಇಪ್ಪತ್ತು ದಿನ ಆದ ಮೇಲೆ. ಅವತ್ತು ಹೆಮ್ಮರಗಾಲದಲ್ಲಿ ಒಂದು ನಾಮಕರಣ ಇತ್ತು. ಹೋಗಿ ಕೆಲಸ ಮುಗಿಸಿ ಬಂದೆ.